ರೊಟ್ಟಿ, ಬಟ್ಟಲು, ಪ್ರಾರ್ಥನೆ: ಆದಿ ಕ್ರೈಸ್ತ ಸಭೆಯಿಂದ ಧಾರವಾಡ ಸೀಮೆಯವರೆಗೆ

(ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಕ್ರೈಸ್ತರ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಮುಂದಿಟ್ಟುಕೊಂಡು ಹೇಳುವ ದೊಡ್ಡ ಪ್ರಾರ್ಥನೆಯೇ ಕೃತಜ್ಞತಾ ಪ್ರಾರ್ಥನೆ. ಕಥೋಲಿಕರು ಈ ಇಡೀ ವಿಧಿಯನ್ನು ಬಲಿಪೂಜೆ ಎನ್ನುತ್ತಾರೆ, ಕೊನೆಗೆ ಹಂಚುವುದನ್ನು ಪರಮಪ್ರಸಾದ ಎನ್ನುತ್ತಾರೆ. ಪ್ರೊಟೆಸ್ಟಂಟರಲ್ಲಿ ಇದು ಕರ್ತನ ಭೋಜನ. ಹೆಸರು ಬೇರೆಯಾದರೂ ಪ್ರಾರ್ಥನೆಯ ಅಂಗಗಳು ಇಂದು ಹೆಚ್ಚುಕಡಿಮೆ ಒಂದೇ. ಮೊದಲು ಗುರುವಿಗೂ ಸಭೆಗೂ ನಡುವೆ ಚಿಕ್ಕ ಸಂವಾದ, ಆಮೇಲೆ ಸೃಷ್ಟಿಗೂ ರಕ್ಷಣೆಗೂ ದೇವರ ಸ್ತೋತ್ರ, ಮೂರು ಬಾರಿ ದೇವರನ್ನು ಪರಿಶುದ್ಧನೆಂದು ಕರೆಯುವ ಗೀತೆ, ಕಡೆಯ ರಾತ್ರಿಯ ಭೋಜನದಲ್ಲಿ ಯೇಸು ಆಡಿದ ಮಾತುಗಳು, ಅವರ ಮರಣ-ಪುನರುತ್ಥಾನದ ಸ್ಮರಣೆ, ಪವಿತ್ರಾತ್ಮನ ಆವಾಹನೆ, ಕೊನೆಗೆ ಸಭೆಯ ಆಮೆನ್. ಧಾರವಾಡದ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಚರ್ಚಿನಲ್ಲಿ ಕೂತರೂ ಹುಬ್ಬಳ್ಳಿಯ ಕಥೋಲಿಕ ಚರ್ಚಿನಲ್ಲಿ ಕೂತರೂ ಈ ಅಂಗಗಳು ಕಿವಿಗೆ ಬೀಳುತ್ತವೆ. ಅಪೊಸ್ತಲರ ಕಾಲದಲ್ಲಿ ಒಂದೇ ಮೂಲ ಪ್ರಾರ್ಥನೆ ಇತ್ತು, ಅದೇ ಊರೂರಿಗೆ ಹಬ್ಬುತ್ತ ಬೇರೆಬೇರೆಯಾಯಿತು ಎಂದು ವಿದ್ವಾಂಸರೂ ಬಹಳ ಕಾಲ ನಂಬಿದ್ದರು. ಸಿಕ್ಕಿರುವ ಪಾಠಗಳು ಹೇಳುವುದು ಇದಕ್ಕೆ ವಿರುದ್ಧವಾದ ಕಥೆ: ಮೊದಲು ಹಲವು ಇದ್ದವು, ಆಮೇಲೆ ಒಂದರಂತೆ ಒಂದಾದವು.

ಹೊಸ ಒಡಂಬಡಿಕೆಯಲ್ಲಿ ಕಡೆಯ ಭೋಜನದ ವೃತ್ತಾಂತ ನಾಲ್ಕು ಕಡೆ ಬರುತ್ತದೆ: ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಮತ್ತು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ. ಇವುಗಳಲ್ಲಿ ಪೌಲನದೇ ಹಳೆಯದು, ಕ್ರಿ.ಶ. 50ರ ದಶಕದ ನಡುಭಾಗದ್ದು. ಯೇಸು ರೊಟ್ಟಿಯನ್ನು ತೆಗೆದುಕೊಂಡು ದೇವರ ಸ್ತೋತ್ರ ಮಾಡಿದರು ಎಂಬುದನ್ನು ನಾಲ್ಕೂ ಹೇಳುತ್ತವೆ. ಏನೆಂದು ಸ್ತೋತ್ರ ಮಾಡಿದರು ಎಂಬುದನ್ನು ಒಂದೂ ಹೇಳುವುದಿಲ್ಲ. ಪೌಲ ಈ ವೃತ್ತಾಂತವನ್ನು ಎತ್ತುವುದೂ ಪ್ರಾರ್ಥನೆ ಕಲಿಸಲೆಂದಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆತುಂಬ ಉಂಡು ಕುಡಿಯುತ್ತಿದ್ದರು, ಇಲ್ಲದವರು ಹಸಿದೇ ಕೂರುತ್ತಿದ್ದರು. ಅವರನ್ನು ಗದರಿಸಲು ಪೌಲ ಆ ರಾತ್ರಿಯ ಕಥೆಯನ್ನು ನೆನಪಿಸುತ್ತಾನೆ. ಆ ರಾತ್ರಿ ಯೇಸು ಆಡಿದ ಮಾತುಗಳು ಪ್ರಾರ್ಥನೆಯ ಒಳಗೆ ಸೇರಿಕೊಂಡದ್ದು ಬಹಳ ತಡವಾಗಿ.

ಯೇಸುವೂ ಅವರ ಶಿಷ್ಯರೂ ಯೆಹೂದ್ಯರು. ಯೆಹೂದ್ಯರ ಮನೆಯಲ್ಲಿ ಊಟ ಮುಗಿದ ಮೇಲೆ ಅನ್ನಕ್ಕಾಗಿ, ನಾಡಿಗಾಗಿ, ಯೆರೂಸಲೇಮಿಗಾಗಿ ದೇವರನ್ನು ಕೊಂಡಾಡುವ ವಾಡಿಕೆ ಇದೆ. ಕ್ರೈಸ್ತರ ಪ್ರಾರ್ಥನೆಯ ಬೇರು ಅಲ್ಲಿದೆ ಎಂಬ ವಾದ ಗಟ್ಟಿಯಾದದ್ದೇ. ಆದರೆ ಆ ಯೆಹೂದ್ಯ ಪ್ರಾರ್ಥನೆಗಳ ಪೂರ್ತಿ ಲಿಖಿತ ಪಾಠ ಸಿಗುವುದು 9ನೆಯ ಶತಮಾನದ ಪ್ರಾರ್ಥನಾ ಗ್ರಂಥಗಳಲ್ಲಿ. ಎಂಟುನೂರು ವರ್ಷ ಈಚಿನ ಬರಹವನ್ನು ಮುಂದಿಟ್ಟುಕೊಂಡು ಕಡೆಯ ಭೋಜನದ ಪ್ರಾರ್ಥನೆಯನ್ನು ಅಕ್ಷರಶಃ ಕಟ್ಟಿಕೊಡಹೊರಟವರು ಅತಿಯಾಸೆ ಪಟ್ಟರೆಂದೇ ಹೇಳಬೇಕು. ನಡೆದು ಬಂದದ್ದು ರೀತಿ, ಪಾಠವಲ್ಲ.

ಸಿಕ್ಕಿರುವ ಪ್ರಾರ್ಥನೆಗಳಲ್ಲಿ ಬಹುಶಃ ಅತ್ಯಂತ ಹಳೆಯವು 'ದಿದಾಖೆ' ಎಂಬ ಗ್ರೀಕ್ ಕಿರುಪುಸ್ತಕದಲ್ಲಿವೆ. 1056ರಲ್ಲಿ ನಕಲು ಮಾಡಿದ ಅದರ ಹಸ್ತಪ್ರತಿಯನ್ನು ಫಿಲೋಥಿಯೋಸ್ ಬ್ರೈಯೆನ್ನಿಯೋಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಗ್ರಂಥಾಲಯವೊಂದರಲ್ಲಿ ಕಂಡು, 1883ರಲ್ಲಿ ಅಚ್ಚು ಹಾಕಿಸಿದ. ಓದಿದವರು ಬೆರಗಾದರು. ಇಲ್ಲಿ ಮೊದಲು ಬರುವುದು ಬಟ್ಟಲು, ಆಮೇಲೆ ರೊಟ್ಟಿ. ಬೆಟ್ಟಗಳ ಮೇಲೆ ಚದುರಿದ್ದ ಕಾಳು ಒಟ್ಟುಗೂಡಿ ಒಂದೇ ರೊಟ್ಟಿಯಾದಂತೆ ಸಭೆಯೂ ಲೋಕದ ಮೂಲೆಮೂಲೆಯಿಂದ ಒಟ್ಟಾಗಲಿ ಎಂಬ ಬೇಡಿಕೆ ಇದೆ. ಹೊಟ್ಟೆ ತುಂಬಿದ ಮೇಲೆ ಮತ್ತೊಂದು ಸ್ತೋತ್ರವಿದೆ. ಅಂದರೆ ಅದು ನಿಜವಾದ ಊಟವೇ. ಯೇಸುವಿನ ಮರಣದ ಮಾತಿಲ್ಲ, ಕಡೆಯ ರಾತ್ರಿಯ ವೃತ್ತಾಂತವಿಲ್ಲ. ಇದು ಕರ್ತನ ಭೋಜನವೇ ಅಲ್ಲ, ಬರಿಯ ಪ್ರೀತಿಭೋಜನ ಎಂದು ಕೆಲವರು ಬದಿಗೆ ಸರಿಸಿದರು. ಹೀಗೆ ಸರಿಸುವುದು ಸುಲಭ. ತಮಗೆ ಗೊತ್ತಿರುವ ಅಂಗಗಳು ಇಲ್ಲವಾದ್ದರಿಂದ ಅದು ಆ ವಿಧಿಯೇ ಅಲ್ಲ ಎಂದಂತಾಯಿತು. ಆ ಪುಸ್ತಕದಲ್ಲೇ ಇನ್ನೊಂದು ಸೂಚನೆ ಇದೆ: ಪ್ರವಾದಿಗಳು ತಮಗೆ ಬೇಕಾದಷ್ಟು ಸ್ತೋತ್ರ ಮಾಡಲಿ, ಅವರನ್ನು ತಡೆಯಬಾರದು. ಬರೆದಿಟ್ಟ ಪ್ರಾರ್ಥನೆ ಬಾಯಿಂದ ಬರುವ ಪ್ರಾರ್ಥನೆಗೆ ದಾರಿ ಬಿಟ್ಟು ನಿಲ್ಲುತ್ತದೆ.

ಕ್ರಿ.ಶ. 150ರ ಆಸುಪಾಸು ರೋಮಿನಲ್ಲಿ ಜಸ್ಟಿನ್ ಎಂಬ ತತ್ವಜ್ಞ ಚಕ್ರವರ್ತಿಗೆ ಒಂದು ಸಮರ್ಥನಾ ಪತ್ರ ಬರೆದ. ಕ್ರೈಸ್ತರು ಗುಟ್ಟಾಗಿ ಏನು ಮಾಡುತ್ತಾರೆ ಎಂಬ ಗುಮಾನಿ ಊರಲ್ಲಿ ಹರಡಿದ್ದ ಕಾಲ ಅದು. ಆದ್ದರಿಂದ ಅವನು ಭಾನುವಾರದ ಕೂಟವನ್ನು ಬಿಡಿಸಿ ಹೇಳುತ್ತಾನೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇದ್ದಷ್ಟು ಓದುತ್ತಾರೆ. ಮುಂದಾಳು ಬುದ್ಧಿಮಾತು ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಮುಂದಾಳು ತನ್ನ ಶಕ್ತಿ ಇದ್ದಷ್ಟು ಸ್ತೋತ್ರ ಮಾಡುತ್ತಾನೆ, ಜನ ಆಮೆನ್ ಎನ್ನುತ್ತಾರೆ. ಬಾರದವರ ಮನೆಗೆ ಸಭೆಯ ಸೇವಕರಾದ ಡೀಕನರು ಅವರ ಪಾಲನ್ನು ಒಯ್ಯುತ್ತಾರೆ. ಇಷ್ಟೊತ್ತಿಗೆ ಊಟ ಬೇರೆಯಾಗಿದೆ. ಉಳಿದದ್ದು ರೊಟ್ಟಿ, ಬಟ್ಟಲು ಮತ್ತು ಪ್ರಾರ್ಥನೆ. ಈ ವರ್ಣನೆಯಲ್ಲಿ ಅತ್ಯಂತ ಬೆಲೆಯುಳ್ಳ ಮಾಹಿತಿ ಎಂದರೆ ಆ 'ಶಕ್ತಿ ಇದ್ದಷ್ಟು'. ಮುಂದಾಳಿನ ಕೈಯಲ್ಲಿ ಪುಸ್ತಕವಿಲ್ಲ. ಹಾಗೆಂದು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ ಎಂದೂ ಅಲ್ಲ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರಿಗೆ ಇದು ತಿಳಿಯುತ್ತದೆ: ಕಥೆ ಗೊತ್ತಿದ್ದದ್ದೇ, ಹಾಡು ಕಟ್ಟಿಟ್ಟದ್ದೇ, ನಡುವಿನ ಮಾತು ಮಾತ್ರ ಆಯಾ ರಾತ್ರಿಯದು. ಪಾತ್ರಧಾರಿ ದಾರಿ ತಪ್ಪಿದರೆ ಮುಂದೆ ಕೂತ ಜನಕ್ಕೆ ಕೂಡಲೇ ಗೊತ್ತಾಗುತ್ತದೆ.

ಇದಾದ ಮೇಲೆ ಬರುವ ಪಠ್ಯದ ಸುತ್ತ ನೂರು ವರ್ಷಗಳಿಂದ ಗದ್ದಲ ನಡೆದಿದೆ. 'ಅಪೊಸ್ತಲರ ಪರಂಪರೆ' ಎಂದು ಅದನ್ನು ಕರೆಯುತ್ತಾರೆ. ಮೂಲ ಗ್ರೀಕ್ ಪುಸ್ತಕ ಪೂರ್ತಿಯಾಗಿ ಉಳಿದಿಲ್ಲ. ಲ್ಯಾಟಿನ್ ಅನುವಾದವೊಂದು ಇಟಲಿಯ ವೆರೋನಾ ನಗರದ ಚರ್ಮದ ಹಾಳೆಗಳಲ್ಲಿದೆ. ಅದೂ ಅಳಿಸಿದ ಬರಹ. 8ನೆಯ ಶತಮಾನದಲ್ಲಿ ಯಾರೋ ಆ ಹಾಳೆಗಳನ್ನು ಕೆರೆದು ಮೇಲೆ ಬೇರೊಂದು ಗ್ರಂಥ ಬರೆದರು. ಕೆಳಗೆ ಮಸುಕಾಗಿ ಉಳಿದಿದ್ದ ಅಕ್ಷರಗಳನ್ನು ಓದಿ 1900ರಲ್ಲಿ ಎಡ್ಮಂಡ್ ಹೌಲರ್ ಪ್ರಕಟಿಸಿದ. ಕಾಪ್ಟಿಕ್, ಅರಬ್ಬಿ, ಇಥಿಯೋಪಿಯದ ಭಾಷೆಗಳಲ್ಲೂ ಅನುವಾದಗಳಿವೆ. ಎಡುವಾರ್ಡ್ ಶ್ವಾರ್ಟ್ಸ್ 1910ರಲ್ಲಿ, ಆರ್.ಎಚ್. ಕನಾಲಿ 1916ರಲ್ಲಿ ಇದು ರೋಮಿನ ಹಿಪ್ಪೊಲಿಟಸ್ ಸುಮಾರು 215ರಲ್ಲಿ ಬರೆದದ್ದು ಎಂದು ವಾದಿಸಿದರು, ಬಹುಮಂದಿ ಒಪ್ಪಿದರು. ಇದರಲ್ಲಿ ಹೊಸ ಬಿಷಪ್ ಹೇಳುವ ಪೂರ್ತಿ ಪ್ರಾರ್ಥನೆ ಇದೆ. ಸಂವಾದ ಇದೆ, ಕ್ರಿಸ್ತನ ಜನನ-ಮರಣಗಳ ಕಥನ ಇದೆ, ಕಡೆಯ ರಾತ್ರಿಯ ಮಾತುಗಳಿವೆ, ಸ್ಮರಣೆ ಇದೆ, ಪವಿತ್ರಾತ್ಮನನ್ನು ಕಳುಹಿಸೆಂಬ ಬೇಡಿಕೆಯೂ ಇದೆ. ಇಲ್ಲದ್ದು ಪರಿಶುದ್ಧ ಗೀತೆಯೊಂದೇ. ಇಷ್ಟು ಪೂರ್ತಿ ಇರುವುದೇ ಈಗ ಅನುಮಾನಕ್ಕೆ ಕಾರಣ. ಪಾಲ್ ಬ್ರ್ಯಾಡ್‌ಶಾ, ಮ್ಯಾಕ್ಸ್‌ವೆಲ್ ಜಾನ್ಸನ್, ಎಡ್ವರ್ಡ್ ಫಿಲಿಪ್ಸ್ 2002ರಲ್ಲಿ ತಂದ ವ್ಯಾಖ್ಯಾನದಲ್ಲಿ ಇದನ್ನು ಒಬ್ಬರ ಬರಹವಾಗಿ ಕಾಣದೆ, ಹಲವು ಊರು ಹಲವು ಕಾಲಗಳ ಪದರಗಳು ಕೂಡಿ ಬೆಳೆದದ್ದೆಂದು ಕಂಡರು. ಆದರೂ ಆ ಪುಸ್ತಕವೇ ಒಂದು ಮಾತು ಹೇಳುತ್ತದೆ: ಬಿಷಪ್ ಇದೇ ಶಬ್ದಗಳನ್ನು ಬಾಯಿಪಾಠ ಒಪ್ಪಿಸಬೇಕಾಗಿಲ್ಲ, ತನ್ನ ಯೋಗ್ಯತೆಗೆ ತಕ್ಕಂತೆ ಪ್ರಾರ್ಥಿಸಲಿ, ಉಪದೇಶ ಶುದ್ಧವಾಗಿದ್ದರೆ ಸಾಕು. ಮಾದರಿ ಎಂದು ಬರೆದದ್ದನ್ನು ಮುಂದಿನವರು ಮೂಲಪಾಠ ಮಾಡಿಕೊಂಡರು.

ಪೂರ್ವದಲ್ಲಿ, ಸಿರಿಯಾಕ್ ಮಾತಾಡುತ್ತಿದ್ದ ಎಡೆಸ್ಸಾ ಸೀಮೆಯಲ್ಲಿ, ಬೇರೆಯದೇ ದಾರಿ ಇತ್ತು. ಅದ್ದೈ ಮತ್ತು ಮಾರಿ ಎಂಬ ಇಬ್ಬರು ಧರ್ಮಪ್ರಚಾರಕರ ಹೆಸರಿನ ಅಲ್ಲಿಯ ಪ್ರಾರ್ಥನೆಯಲ್ಲಿ ಸ್ತುತಿ ಇದೆ, ಪವಿತ್ರಾತ್ಮನ ಆವಾಹನೆ ಇದೆ, ಆದರೆ ಕಡೆಯ ರಾತ್ರಿಯ ಮಾತುಗಳಿಲ್ಲ. ನಕಲುಗಾರರು ಮರೆತಿರಬೇಕೆಂದು ಪಶ್ಚಿಮದ ಪಂಡಿತರು ಬಗೆದರು. 1966ರಲ್ಲಿ ವಿಲಿಯಂ ಮಕೋಂಬರ್ ಪ್ರಕಟಿಸಿದ, ಸುಮಾರು ಸಾವಿರ ವರ್ಷ ಹಳೆಯ ಹಸ್ತಪ್ರತಿಯಲ್ಲೂ ಅವು ಇರಲಿಲ್ಲ. ಈಜಿಪ್ಟಿನಲ್ಲಿ ಮತ್ತೂ ಬೇರೆ. ಸ್ಟ್ರಾಸ್‌ಬರ್ಗಿನಲ್ಲಿರುವ, 1928ರಲ್ಲಿ ಪ್ರಕಟವಾದ ಪಪೈರಸ್ ತುಂಡಿನಲ್ಲಿ ಸೃಷ್ಟಿಗಾಗಿ ಸ್ತೋತ್ರ, ಅರ್ಪಣೆ, ಸಭೆಗಾಗಿ ಬಿನ್ನಹ ಇವಿಷ್ಟು ಬಂದು ಮಹಿಮೆಯ ಸಮಾಪ್ತಿ ವಾಕ್ಯ ಬಂದುಬಿಡುತ್ತದೆ. ಥ್ಮೂಯಿಸ್ ಎಂಬ ಊರಿನ ಬಿಷಪ್ ಸರಾಪಿಯೋನನ ಹೆಸರಿನ ಪ್ರಾರ್ಥನೆಯಲ್ಲಿ ರೊಟ್ಟಿಯ ಮೇಲೆ ಬರಬೇಕೆಂದು ಬೇಡುವುದು ಆತ್ಮನನ್ನಲ್ಲ, ವಾಕ್ಯನಾದ ಕ್ರಿಸ್ತನನ್ನು. ಹೀಗೆ ಒಂದೊಂದು ಸೀಮೆಗೆ ಒಂದೊಂದು ಅಂಗ ಮುಖ್ಯವಾಗಿತ್ತು.

ಇವೆಲ್ಲ ಒಂದಕ್ಕೊಂದು ಹತ್ತಿರವಾದದ್ದು 4ನೆಯ ಶತಮಾನದಲ್ಲಿ. 313ರಿಂದ ಕ್ರೈಸ್ತಧರ್ಮಕ್ಕೆ ರಾಜಮನ್ನಣೆ ಸಿಕ್ಕಿತು. ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದವರು ದೊಡ್ಡ ದೊಡ್ಡ ಮಂಟಪಗಳಲ್ಲಿ ಕೂಡಿದರು. 325ರ ನೈಸಿಯ ಸಭೆಯ ಹಿಂದೆಯೂ ಮುಂದೆಯೂ ಕ್ರಿಸ್ತನು ತಂದೆಗೆ ಸಮನೋ ಅಲ್ಲವೋ ಎಂಬ ಜಗಳ ಇತ್ತು. ಪ್ರಾರ್ಥನೆಯ ಒಂದು ಶಬ್ದ ಆಚೀಚೆಯಾದರೂ ಪಕ್ಷ ಬದಲಾಗುತ್ತಿತ್ತು. ಯೆರೂಸಲೇಮಿಗೆ ಯಾತ್ರೆ ಹೋದವರು ಅಲ್ಲಿ ಕಂಡದ್ದನ್ನು ಊರಿಗೆ ಹೊತ್ತು ತಂದರು. ಎಲ್ಲ ಬಿಷಪರಿಗೂ ಸೊಗಸಾಗಿ ಪ್ರಾರ್ಥಿಸುವ ಶಕ್ತಿ ಇರಲಿಲ್ಲವೆಂಬುದೂ ಕಾರಣ. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ 393ರಲ್ಲಿ ಸೇರಿದ ಬಿಷಪರು ಎರಡು ನಿಯಮ ಮಾಡಿದರು: ವೇದಿಕೆಯಲ್ಲಿನ ಪ್ರಾರ್ಥನೆ ಯಾವಾಗಲೂ ತಂದೆಯನ್ನೇ ಸಂಬೋಧಿಸಬೇಕು, ಬೇರೆ ಕಡೆಯಿಂದ ನಕಲು ಮಾಡಿಕೊಂಡ ಪ್ರಾರ್ಥನೆಯನ್ನು ತಿಳಿದವರಿಗೆ ತೋರಿಸದೆ ಬಳಸಬಾರದು. ನಿಯಮ ಯಾಕೆ ಬೇಕಾಯಿತೆಂದು ನೋಡಿದರೆ ಅಲ್ಲಿನ ಸ್ಥಿತಿ ತಿಳಿಯುತ್ತದೆ. ಯಾರ್ಯಾರೋ ಬರೆದದ್ದು ಕೈಯಿಂದ ಕೈಗೆ ಓಡಾಡುತ್ತಿತ್ತು, ಸಿಕ್ಕಿದ್ದನ್ನು ಪಾದ್ರಿಗಳು ಓದಿಬಿಡುತ್ತಿದ್ದರು.

ಈ ಶತಮಾನದಲ್ಲೇ ಪ್ರವಾದಿ ಯೆಶಾಯನ ದರ್ಶನದಿಂದ ಬಂದ ಪರಿಶುದ್ಧ ಗೀತೆ ಬಹುತೇಕ ಎಲ್ಲ ಕಡೆ ಸೇರಿತು, ಕಡೆಯ ರಾತ್ರಿಯ ಮಾತುಗಳೂ ಸೇರಿದವು. ಬೆಸುಗೆಯ ಗೆರೆ ಇನ್ನೂ ಕಾಣುತ್ತದೆ. ಯೆರೂಸಲೇಮಿನ ಬಿಷಪ್ ಸಿರಿಲನ ಹೆಸರಿನಲ್ಲಿರುವ, ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಮಾಡಿದ ಉಪನ್ಯಾಸದಲ್ಲಿ ಸಂವಾದ, ಪರಿಶುದ್ಧ ಗೀತೆ, ಆತ್ಮನ ಆವಾಹನೆ, ಸತ್ತವರಿಗಾಗಿ ಬಿನ್ನಹ ಎಲ್ಲದರ ವಿವರಣೆ ಇದೆ. ಕಡೆಯ ರಾತ್ರಿಯ ಮಾತುಗಳ ಪ್ರಸ್ತಾಪವೇ ಇಲ್ಲ. ಅದೇ ಹೊತ್ತಿಗೆ ಮಿಲಾನಿನ ಬಿಷಪ್ ಆಂಬ್ರೋಸ್ ತನ್ನ ಹೊಸಬರಿಗೆ ಹೇಳಿದ್ದೇ ಬೇರೆ: ರೊಟ್ಟಿಯನ್ನು ಬದಲಿಸುವುದು ಕ್ರಿಸ್ತನ ಆ ಮಾತುಗಳೇ. ಅವನು ಉದ್ಧರಿಸುವ ಲ್ಯಾಟಿನ್ ಪ್ರಾರ್ಥನೆಯೇ ಮುಂದೆ ರೋಮಿನ ಏಕೈಕ ಪ್ರಾರ್ಥನೆಯಾಗಿ ಸಾವಿರದೈನೂರು ವರ್ಷ ನಡೆಯಿತು. ಪೂರ್ವಕ್ಕೆ ಆತ್ಮ, ಪಶ್ಚಿಮಕ್ಕೆ ಮಾತು ಎಂಬ ಒಲವು ಇಲ್ಲಿಂದ ಶುರು. ಪೂರ್ವದಲ್ಲಿ 379ರಲ್ಲಿ ತೀರಿಕೊಂಡ ಬಾಸಿಲ್ ಮತ್ತು 407ರಲ್ಲಿ ತೀರಿಕೊಂಡ ಜಾನ್ ಕ್ರಿಸೊಸ್ತೊಮ್ ಅವರ ಹೆಸರಿನ ಪ್ರಾರ್ಥನೆಗಳು ನೆಲೆನಿಂತವು. ಗ್ರೀಕ್ ಮತ್ತು ರಷ್ಯನ್ ಸಭೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವವು ಅವೇ.

ಬರಹಕ್ಕಿಳಿದ ಪ್ರಾರ್ಥನೆಗೆ ಬೇಗನೆ ಇನ್ನೊಂದು ಗತಿ ಬಂತು: ಅದು ಜನರಿಗೆ ಕೇಳಿಸದಾಯಿತು. ಪಾದ್ರಿಗಳು ಒಳಗೊಳಗೇ ಗುನುಗುವುದನ್ನು ಕಂಡ ಚಕ್ರವರ್ತಿ ಜಸ್ಟಿನಿಯನ್ 565ರಲ್ಲಿ ಕಾನೂನನ್ನೇ ಮಾಡಿ, ಪ್ರಾರ್ಥನೆಯನ್ನು ಜನಕ್ಕೆ ಕೇಳುವಂತೆ ಹೇಳಬೇಕೆಂದು ಆಜ್ಞಾಪಿಸಿದ. ಯಾರೂ ಪಾಲಿಸಿದಂತೆ ಕಾಣುವುದಿಲ್ಲ. ಪಶ್ಚಿಮದಲ್ಲೂ 8ನೆಯ ಶತಮಾನದ ಹೊತ್ತಿಗೆ ಪಿಸುದನಿಯೇ ಕ್ರಮವಾಯಿತು. ಜಸ್ಟಿನ್ ವರ್ಣಿಸಿದ ಜನರ ಆಮೆನ್‌ಗೆ ಮುಂಚಿನದೆಲ್ಲ ಮೌನವಾಯಿತು. 16ನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಲೂಥರ್ ಈ ಪ್ರಾರ್ಥನೆಯಲ್ಲಿನ ಬಲಿಯ ಮಾತುಗಳನ್ನು ಸಹಿಸದೆ ಬಹುಪಾಲನ್ನು ಕಿತ್ತುಹಾಕಿದ. ಕಡೆಯ ರಾತ್ರಿಯ ಮಾತುಗಳನ್ನು ಉಳಿಸಿ, ಗಟ್ಟಿಯಾಗಿ ಹಾಡಿಸಿದ. ಪ್ರಾರ್ಥನೆಗೆ ತಡವಾಗಿ ಸೇರಿದ ಅಂಗವೇ ಕೊನೆಗೆ ಒಂಟಿಯಾಗಿ ಉಳಿಯಿತು.

ಧಾರವಾಡ ಸೀಮೆಗೆ ಬಂದದ್ದು ಈ ಸುಧಾರಿತ ರೂಪ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗ-ಬೆಟಗೇರಿಗೆ ಬಂತು. ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅಲ್ಲಿಯ ಆರಾಧನೆಯೆಂದರೆ ಪ್ರಸಂಗ ಮತ್ತು ಕೀರ್ತನೆ. ಕರ್ತನ ಭೋಜನ ಆಗೊಮ್ಮೆ ಈಗೊಮ್ಮೆ. ಕನ್ನಡ ಬೈಬಲಿನ ಪರಿಷ್ಕರಣೆ, ಕನ್ನಡ ಕೀರ್ತನೆ, ಮಿಶನರಿ ಕಿಟೆಲರ 1894ರ ನಿಘಂಟು ಇವೆಲ್ಲ ಈ ಪರಂಪರೆಯ ಆಸುಪಾಸಿನಲ್ಲೇ ಆದವು. ಭಾಷೆಯಲ್ಲಿ ಇಷ್ಟು ದುಡಿದವರ ಆರಾಧನೆಯಲ್ಲಿ ದೊಡ್ಡ ಕೃತಜ್ಞತಾ ಪ್ರಾರ್ಥನೆಗೆ ಮಾತ್ರ ಜಾಗವಿರಲಿಲ್ಲ. ದೇವಿಕೊಪ್ಪದಿಂದ ಕಾಡು ದಾಟಿದರೆ ಸಿಗುವ ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಥೋಲಿಕ ಸಿದ್ದಿಯರ ಚರ್ಚುಗಳಲ್ಲಿ ಆ ಪ್ರಾರ್ಥನೆ ಇತ್ತು. 1960ರ ದಶಕದವರೆಗೆ ಲ್ಯಾಟಿನ್‌ನಲ್ಲಿ, ಪಿಸುದನಿಯಲ್ಲಿ. ಕರಾವಳಿಯ ಬ್ರಹ್ಮಾವರದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. 1889ರಲ್ಲಿ ಕೊಟ್ಟಾಯಂನಲ್ಲಿ ಅಭಿಷಿಕ್ತರಾದ ಬಿಷಪ್ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಹಿಂದೆ ಹೋದ ಕೊಂಕಣಿ ಕ್ರೈಸ್ತರು ಕೇರಳದ ಆರ್ಥೊಡಾಕ್ಸ್ ಸಭೆ ಸೇರಿದರೂ ಮೊದಮೊದಲು ಲ್ಯಾಟಿನ್ ಕ್ರಮವನ್ನೇ ಇಟ್ಟುಕೊಂಡಿದ್ದರು. ಬರಬರುತ್ತ ಸಿರಿಯಾದ ಕ್ರಮಕ್ಕೆ ಹೊರಳಿದರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳವರು ಒಂದಾದರು. ಮುಂಬೈ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ಮೊದಲ ದಿನವೇ ಸೇರದೆ ಮುಂದೆ ಸೇರಿದವು. ಇಂದು ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಧಾರವಾಡವೇ. ಒಂದಾದವರು ಯಾರ ಪುಸ್ತಕ ಬಳಸಬೇಕು? ಒಬ್ಬರದನ್ನು ಹಿಡಿದರೆ ಇನ್ನೊಬ್ಬರಿಗೆ ನೋವು. ಲೆಸ್ಲಿ ಬ್ರೌನ್ ಮತ್ತು ಟಿ.ಎಸ್. ಗ್ಯಾರೆಟ್ ಮುಂತಾದವರಿದ್ದ ಸಮಿತಿ ಎಲ್ಲರಿಗಿಂತ ಹಳೆಯದರ ಕಡೆಗೆ ಹೋಯಿತು. 1950ರ ಜನವರಿಯಲ್ಲಿ ಮದ್ರಾಸಿನ ಸಿನೋಡಿನಲ್ಲಿ, ಅಂದರೆ ಸಭೆಯ ಮಹಾಧಿವೇಶನದಲ್ಲಿ, ಹೊಸ ಕ್ರಮ ಮೊದಲು ಬಳಕೆಗೆ ಬಂತು, 1963ರ ಆರಾಧನಾ ಗ್ರಂಥದಲ್ಲಿ ಸೇರಿತು, ಕನ್ನಡಕ್ಕೂ ಬಂತು.

ಈ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ತುಂಡುಗಳು ಎಲ್ಲೆಲ್ಲಿಯವೆಂದು ಗೊತ್ತಾಗುತ್ತದೆ. ಸಭಾಪಾಲಕ ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲುತ್ತಾನೆ. ಇದು ಆದಿ ಸಭೆಯ ರೀತಿಯೆಂದು ಆಗ ನಂಬಿದ್ದರು. ಕಡೆಯ ರಾತ್ರಿಯ ಮಾತುಗಳಾದ ಮೇಲೆ ಸಭೆ ಒಟ್ಟಾಗಿ ಕ್ರಿಸ್ತನ ಮರಣವನ್ನು ನೆನೆದು ಕೂಗುವುದು ಸಿರಿಯನ್ ಕ್ರಮದಿಂದ ಬಂದದ್ದು. ಪ್ರಾರ್ಥನೆಗೆ ಮೊದಲು ಕ್ರಿಸ್ತನನ್ನು ಮಹಾಯಾಜಕನೆಂದು ಕರೆದು ನಡುವೆ ಬಾ ಎನ್ನುವುದು ಸ್ಪೇನಿನ ಹಳೆಯ ಮೊಜಾರಬಿಕ್ ಕ್ರಮದ್ದು. ಸಮಾಧಾನದ ಮುದ್ದು ಎಂದು ಆದಿ ಸಭೆಯಲ್ಲಿ ಇದ್ದದ್ದನ್ನು ಇಲ್ಲಿ ಕೈಗೆ ಇಳಿಸಿದರು, ಕೇರಳದ ಸಿರಿಯನ್ ಕ್ರೈಸ್ತರ ರೂಢಿಯಂತೆ: ಕೊಡುವವನು ತನ್ನ ಬಲ ಅಂಗೈಯನ್ನು ತೆಗೆದುಕೊಳ್ಳುವವನ ಬಲ ಅಂಗೈಗೆ ತಾಗಿಸಿ, ಮೇಲೆ ಎಡಗೈ ಮುಚ್ಚುತ್ತಾನೆ, ಮೇಜಿನಿಂದ ಹೊರಟ ಸಮಾಧಾನ ಸಾಲುಸಾಲಾಗಿ ಹಿಂದಿನ ಬೆಂಚಿನವರೆಗೆ ಹೋಗುತ್ತದೆ. ಲಂಡನ್ನಿನಲ್ಲೂ ಅಮೆರಿಕದಲ್ಲೂ ಇದನ್ನು ನೋಡಿ ತಮ್ಮ ಪುಸ್ತಕಗಳನ್ನು ತಿದ್ದಿಕೊಂಡರು. ಆದಿಗೆ ಹೋಗಿದ್ದೇವೆಂದು ಅಂದುಕೊಂಡವರು ನಿಜಕ್ಕೂ ತಲುಪಿದ್ದು 4ನೆಯ ಶತಮಾನಕ್ಕೆ. ಅದರಿಂದ ಕ್ರಮದ ಬೆಲೆ ಕಡಿಮೆಯಾಗುವುದಿಲ್ಲ.

ಕಥೋಲಿಕ ಸಭೆಯಲ್ಲೂ ಇದೇ ಆಯಿತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಸುಧಾರಣೆಯನ್ನು ಒಪ್ಪಿತು. ಕನ್ನಡ, ಕೊಂಕಣಿ ಬಂದವು, ಪ್ರಾರ್ಥನೆ ಗಟ್ಟಿಯಾಯಿತು. 1968ರಲ್ಲಿ ಹಳೆಯ ರೋಮನ್ ಪ್ರಾರ್ಥನೆಯ ಜೊತೆಗೆ ಮೂರು ಹೊಸವು ಸೇರಿದವು. ಅವುಗಳಲ್ಲಿ ಅತ್ಯಂತ ಚಿಕ್ಕದಾದ, ಆದ್ದರಿಂದಲೇ ಅತಿ ಹೆಚ್ಚು ಬಳಕೆಯಾಗುವ ಎರಡನೆಯದನ್ನು 'ಅಪೊಸ್ತಲರ ಪರಂಪರೆ'ಯ ಪ್ರಾರ್ಥನೆಯ ಮೇಲೆ ಕಟ್ಟಿದ್ದಾರೆ. ಅದರಲ್ಲಿಲ್ಲದ ಪರಿಶುದ್ಧ ಗೀತೆಯನ್ನು ಸೇರಿಸಿದ್ದಾರೆ. ರೋಮಿನ ಹಳೆಯ ಪ್ರಾರ್ಥನೆಯೆಂದು ರೋಮ್ ಮರಳಿ ತಂದ ಪಾಠ ರೋಮಿನದೇ ಅಲ್ಲದಿರಬಹುದು ಎಂಬ ಮಾತು ಆಮೇಲೆ ಬಲವಾಯಿತು.

ಬೆಂಗಳೂರಿನಲ್ಲಿ 1967ರಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮಬೋಧೆ ಮತ್ತು ಆರಾಧನಾ ಕೇಂದ್ರ ಹುಟ್ಟಿತು. 1969ರಲ್ಲಿ ರೋಮ್ ಭಾರತಕ್ಕೆ ಹನ್ನೆರಡು ಹೊಂದಾಣಿಕೆಗಳನ್ನು ಒಪ್ಪಿಕೊಟ್ಟಿತು: ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ ಮುಂತಾದವು. ಅಮಲೋರ್‌ಪವದಾಸರ ಬಳಗ ಇಲ್ಲಿಗೇ ನಿಲ್ಲದೆ, ಭಾರತದ್ದೇ ಆದ ಕೃತಜ್ಞತಾ ಪ್ರಾರ್ಥನೆಯೊಂದನ್ನು ರಚಿಸಿತು. ಭಾರತದ ಧರ್ಮಗಳ ಹುಡುಕಾಟವನ್ನೂ ದೇವರ ಸ್ತೋತ್ರದೊಳಗೆ ತಂದಿತು. ರೋಮ್ 1975ರಲ್ಲಿ ಅದನ್ನು ತಡೆಯಿತು. ಹಿಪ್ಪೋದ ಬಿಷಪರ ನಿಯಮವೇ ಇಲ್ಲಿ ಇನ್ನೂ ಕೆಲಸ ಮಾಡಿತೆನ್ನಬಹುದು. ದೀಪ, ಆರತಿ ಉಳಿದವು. ಪ್ರಾರ್ಥನೆಯ ಪಾಠ ಕಪಾಟಿನಲ್ಲಿ ಉಳಿಯಿತು. ಅಮಲೋರ್‌ಪವದಾಸರು ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ಪೀಠಕ್ಕೆ ಹೋದರು, ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು, 1990ರಲ್ಲಿ ತೀರಿಕೊಂಡರು.

ಅದ್ದೈ-ಮಾರಿಯರ ಪ್ರಾರ್ಥನೆಯ ಕಥೆ ಮಾತ್ರ ಬೇರೆಯಾಗಿ ಮುಗಿಯಿತು. ಕೇರಳದ ತೋಮಾ ಕ್ರೈಸ್ತರು ಶತಮಾನಗಳಿಂದ ಅದನ್ನು ಬಳಸುತ್ತಿದ್ದರು. 1599ರಲ್ಲಿ ಉದಯಂಪೇರೂರಿನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಸೇರಿಸಿದ ಸಿನೋಡ್ ಅವರ ಪೂಜಾಕ್ರಮವನ್ನು ಲ್ಯಾಟಿನ್ ಮನಸ್ಸಿಗೆ ತಕ್ಕಂತೆ ತಿದ್ದಿತು. ಆ ಪರಂಪರೆಯ ಸಿರೋ ಮಲಬಾರ್ ಕಥೋಲಿಕರಿಗೆ ಕರ್ನಾಟಕದಲ್ಲಿ 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ ಧರ್ಮಪ್ರಾಂತಗಳು ಆದವು. ಅವರ ಪಾಠದಲ್ಲಿ ಕಡೆಯ ರಾತ್ರಿಯ ಮಾತುಗಳು ಈಗ ಸೇರಿವೆ. ಆದರೆ 2001ರಲ್ಲಿ, ಅದೇ ಪೂರ್ವದ ಪರಂಪರೆಯ ಅಸ್ಸೀರಿಯನ್ ಸಭೆ ಆ ಮಾತುಗಳಿಲ್ಲದೆ ಹೇಳುವ ಹಳೆಯ ರೂಪವೂ ಸಿಂಧುವೇ ಎಂದು ರೋಮ್ ಒಪ್ಪಿಕೊಂಡಿತು. ಆ ಸಭೆಯ ಭಾರತದ ಶಾಖೆ ಕೇರಳದ ತ್ರಿಶೂರಿನಲ್ಲಿದೆ. ಅಲ್ಲಿ ಇಂದಿಗೂ ಬಳಕೆಯಲ್ಲಿರುವುದು ಅದ್ದೈ-ಮಾರಿಯರ ಪ್ರಾರ್ಥನೆಯೇ.